‘ಸಂ’ ಬಿಟ್ಟುಹೋದ ವೇದನೆ

ಆ ಮಧ್ಯಾಹ್ನ ಬ್ಯಾಡಗಿಯ ಅಂಗಡಿಯಲ್ಲಿ ನಾನು ಎಷ್ಟು ಹೊತ್ತು ಸುಮ್ಮನೆ ಕುಳಿತಿದ್ದೆ ಎಂದು ಖಚಿತವಾಗಿ ಹೇಳಲಾರೆ. ಡಾಕ್ಟರ ಮುಂದೆ ಹತ್ತು ನಿಮಿಷ ಎಂದಿದ್ದೆ. ಆಮೇಲೆ ಮನೆಯವರ ಮುಂದೆಯೂ ಹತ್ತು ನಿಮಿಷ ಎಂದೆ. ಹೇಳುತ್ತ ಹೇಳುತ್ತ ಆ ಹತ್ತು ನಿಮಿಷ ಗಟ್ಟಿಯಾಗಿ ಕೂತುಬಿಟ್ಟಿತು. ಈಗ ನೆನಪಿಸಿಕೊಳ್ಳಲು ಹೋದರೆ ಆ ಮಧ್ಯಾಹ್ನ ಸಿಗುವುದಿಲ್ಲ, ಅದರ ಬಗ್ಗೆ ನಾನೇ ಹೇಳಿದ ಕಥೆ ಸಿಗುತ್ತದೆ. ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಕಾಕಾನ ಜೀವ ಹೋಗುವುದರಲ್ಲಿತ್ತು, ನಾನು ಅವರನ್ನು ಮೆಚ್ಚುಗೆಯಿಂದ ನೋಡುತ್ತ ಕುಳಿತಿದ್ದೆ. ಇಷ್ಟರ ಮಟ್ಟಿಗೆ ನನಗೆ ಅನುಮಾನವಿಲ್ಲ.

ಅಂದಿನಿಂದ ನನಗೊಂದು ಚಟ ಅಂಟಿಕೊಂಡಿದೆ. ಯಾರಾದರೂ ಕಣ್ಣು ಮುಚ್ಚಿ ಅಲುಗಾಡದೆ ಕುಳಿತಿದ್ದರೆ ನನಗೆ ತಡೆಯಲಾಗುವುದಿಲ್ಲ. ಮುಟ್ಟಿ ಎಬ್ಬಿಸುತ್ತೇನೆ. ಮೊನ್ನೆ ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಕಣ್ಣು ಮುಚ್ಚಿದ್ದರು. ಭುಜ ತಟ್ಟಿ, “ಯಜಮಾನ್ರ, ಆರಾಮ ಅದೀರಿಲ್ಲೋ?” ಎಂದೆ. ಅವರು ಒಂದು ಕಣ್ಣು ತೆರೆದು, “ನೀ ಎಬ್ಬಸೂ ತನಕ ಆರಾಮ ಇದ್ನೆಪಾ” ಎಂದು ಮತ್ತೆ ಮುಚ್ಚಿದರು. ನಮ್ಮ ಮಾವನವರು ಲಿಂಗಪೂಜೆಗೆ ಕುಳಿತಾಗ ನಾನು ಎರಡು ಸಲ ಹೀಗೆ ಮಾಡಿದ ಮೇಲೆ, ಬೀಗರ ಮನೆಯಲ್ಲಿ ನನಗೆ ಪೂಜಾಕೋಣೆಯ ಪ್ರವೇಶ ಬಂದ್ ಆಗಿದೆ.

ನಾನು ತತ್ವಶಾಸ್ತ್ರದ ಮಾಸ್ತರ. ಧಾರವಾಡದಲ್ಲಿ ಎಂ.ಎ. ಮಾಡಿ ರಾಣೆಬೆನ್ನೂರಿನ ಒಂದು ಕಾಲೇಜು ಸೇರಿದವನು. ವರ್ಷಕ್ಕೊಮ್ಮೆ ನನ್ನ ಪಾಲಿಗೆ ಪ್ರಬಂಧ ಸ್ಪರ್ಧೆಯ ಕಟ್ಟು ಬರುತ್ತದೆ. ವಿಷಯ ಬಹಳ ಸಲ ಒಂದೇ: ಆಧುನಿಕ ಜೀವನದಲ್ಲಿ ಬುದ್ಧನ ಬೋಧನೆಗಳ ಪ್ರಸ್ತುತತೆ. ಮೊದಲ ಸಾಲು ಎಲ್ಲರದೂ ಒಂದೇ, ಇಂದಿನ ಯಾಂತ್ರಿಕ ಯುಗದಲ್ಲಿ ಮನುಷ್ಯ ಯಂತ್ರವಾಗಿದ್ದಾನೆ. ಒಮ್ಮೆ ತರಗತಿಯಲ್ಲಿ ಸಿಟ್ಟಿಗೆದ್ದು, “ಯಂತ್ರದ ಮಾತು ಬಿಡ್ರಿ, ನೀವು ಕಣ್ಣಾರೆ ಕಂಡದ್ದು ಬರೀರಿ” ಎಂದೆ. ಮುಂದಿನ ಬೆಂಚಿನ ಹುಡುಗಿ ತಕ್ಷಣ ಕೇಳಿದಳು: “ನೀವು ಏನ್ ಕಂಡೀರಿ ಸರ್?” ಪುಣ್ಯಕ್ಕೆ ಗಂಟೆ ಹೊಡೆಯಿತು. ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇದು, ತಡವಾಗಿ.

ಚನ್ನಬಸಪ್ಪ ಕಾಕಾ ನನ್ನ ತಂದೆಯ ತಮ್ಮ. ನಾವು ಹಾವೇರಿಯಲ್ಲಿದ್ದರೆ ಅವರು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದರು. ರೈತರು ತಂದ ಕಾಯಿಯನ್ನು ಅಂಗಡಿಯ ಮುಂದೆ ರಾಶಿ ಹಾಕಿಸಿ ಖರೀದಿದಾರರಿಗೆ ಮಾರಿಸಿಕೊಡುವ ಕೆಲಸ. ಚಿಕ್ಕಂದಿನಲ್ಲಿ ಸುಗ್ಗಿಯ ಹೊತ್ತಿಗೆ ಅವರ ಮನೆಗೆ ಹೋಗುವುದೆಂದರೆ ನನಗೆ ಹಬ್ಬವೂ ಹೌದು, ಶಿಕ್ಷೆಯೂ ಹೌದು. ಮೋಟೆಬೆನ್ನೂರು ದಾಟಿದ್ದೇ ಬಸ್ಸಿನಲ್ಲಿ ಮೊದಲ ಸೀನು ಕೇಳುತ್ತಿತ್ತು. ಅದರ ಹಿಂದೆ ಇನ್ನೊಂದು. ಊರು ಬರುವಷ್ಟರಲ್ಲಿ ಪರಊರಿನವರೆಲ್ಲ ಸೀನುತ್ತಿದ್ದರು, ಬ್ಯಾಡಗಿಯವರು ಮಾತ್ರ ಕಡಲೆ ತಿನ್ನುತ್ತ ಕಿಟಕಿಯಾಚೆ ನೋಡುತ್ತಿದ್ದರು. ಕಾಕಾನ ಮನೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಒಂದಿತ್ತು: ಕಾಯಿ ಮುಟ್ಟಿದ ಕೈ ಕಣ್ಣಿಗೆ ಹೋಗಬಾರದು. ಅಳು ಬಂದರೂ, ಬೆವರು ಬಂದರೂ, ಕಸ ಬಿದ್ದರೂ ಭುಜ ಎತ್ತಿ ಅಂಗಿಯ ತೋಳಿಗೆ ಒರೆಸಿಕೊಳ್ಳಬೇಕು. ಆ ಮನೆಯವರು ನಿದ್ದೆಯಲ್ಲಿ ಕಣ್ಣು ಉಜ್ಜುವುದೂ ಭುಜದಿಂದಲೇ. ನಾನು ಒಮ್ಮೆ ಮರೆತು ಬೆರಳು ಹಚ್ಚಿಕೊಂಡು ಅರ್ಧ ದಿನ ಬಾವಿಯ ಕಟ್ಟೆಯ ಮೇಲೆ ಕುಣಿದಿದ್ದೇನೆ. ಆ ಪಾಠ ಎರಡನೇ ಸಲ ಬೇಕಾಗಲಿಲ್ಲ.

ಕಾಕಾನ ಸಿಟ್ಟು ಇಡೀ ಪೇಟೆಗೆ ಗೊತ್ತಿತ್ತು. ಅವರು ಒಮ್ಮೆ ಕೂಗಿದರೆ ತಗಡಿನ ಶೆಡ್ಡಿನ ಪಾರಿವಾಳಗಳು ಎದ್ದು ಒಂದು ಸುತ್ತು ಹಾರಿ ಬರುತ್ತಿದ್ದವು. ಮೊಬೈಲ್ ಫೋನು ಬಂದ ಹೊಸದರಲ್ಲಿ ಯಾರೋ ಸಿಟ್ಟು ಬರಿಸಿದರೆಂದು ಅದನ್ನು ಎಸೆದಿದ್ದರು. ಅದು ಹೋಗಿ ಡಬ್ಬಿ ಜಾತಿಯ ಕಾಯಿಯ ರಾಶಿಯೊಳಗೆ ಹೂತುಹೋಯಿತು. ಖರೀದಿದಾರರೊಬ್ಬರು ಬಂದು ಬಗ್ಗಿ ಮುಷ್ಟಿ ಕಾಯಿ ಎತ್ತಿದಾಗ ರಾಶಿ ರಿಂಗಾಗತೊಡಗಿತು. ಅವರು ಕಾಯಿ ಕೆಳಗಿಟ್ಟು, “ಚನ್ನಬಸಣ್ಣ, ನಿಮ್ಮ ಮಾಲು ಕರಿಯಾಕತ್ತೈತಿ” ಎಂದರಂತೆ. ಹಮಾಲರು ಸೀನುತ್ತ, ನಗು ನುಂಗುತ್ತ, ರಾಶಿ ಕೆದಕಿ ಫೋನು ತೆಗೆದರು. ಇದನ್ನು ನಾನು ಕಂಡೆನೋ ಕೇಳಿದೆನೋ ಎಂಬುದೂ ಈಗ ಸ್ಪಷ್ಟವಿಲ್ಲ. ಕಂಡವನಂತೆ ಹೇಳುವುದು ರೂಢಿಯಾಗಿದೆ.

ಆದರೆ ಒಂದು ದಿನ ಅವರು ಊಟದ ತಾಟು ಎಸೆದರು. ಅದು ಚಿಗವ್ವನ ಕಾಲ ಬಳಿ ಬಿತ್ತು. ಚಿಗವ್ವ, ಎಂದರೆ ಕಾಕಾನ ಹೆಂಡತಿ, ಬಿದ್ದದ್ದನ್ನು ಬಳಿದು ತೆಗೆದು, ಸೀರೆ ಬದಲಿಸಿ, ಗಳಗನಾಥದ ತವರುಮನೆಗೆ ಹೊರಟುಹೋದರು. ಐವತ್ತು ದಾಟಿದ ಹೆಣ್ಣುಮಗಳು ಸಿಟ್ಟು ಮಾಡಿ ತವರಿಗೆ ಹೋದದ್ದು ನಮ್ಮ ಕಡೆ ಸಣ್ಣ ಸುದ್ದಿಯಲ್ಲ. ಕರೆತರಲು ಹೋದವನು ನಾನು. ಹೊಳೆದಂಡೆಯ ಗುಡಿಯ ಕಟ್ಟೆಯ ಮೇಲೆ ಕುಳಿತು ಚಿಗವ್ವ ಹೇಳಿದರು:

“ನೀ ಭಾಳ ಓದೀದಿ. ನಿಮ್ಮ ಕಾಕಾನ ಸಿಟ್ಟು ಇಳಸಿ ಕೊಡು. ಆಮ್ಯಾಲ ಬರ್ತೇನಿ.”

“ಸಿಟ್ಟಿಗೆ ಔಷಧ ಇಲ್ಲಲ್ಲ ಚಿಗವ್ವ.”

“ಹಂಗಾರ ಓದಿದ್ದೇನು ಮಾಡಾಕ?”

ಆಗ ಹಾವೇರಿಯಲ್ಲಿ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರರು ಭಾನುವಾರ ಮುಂಜಾನೆ ಬುದ್ಧ ಹೇಳಿದ ಧ್ಯಾನ ಕಲಿಸುತ್ತಿದ್ದರು. ಉತ್ತರದ ಕಡೆ ಮೂವತ್ತು ವರ್ಷ ಹಸಿರು ಬಾವುಟ ಬೀಸಿ ಬಂದವರು. ಅವರ ಕನ್ನಡದಲ್ಲಿ ಹಿಂದಿ ಬೆರೆತು, ಸಭೆಯ ಮುಂದೆ ತಡವರಿಸುತ್ತಿತ್ತು. ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ನನ್ನನ್ನು ಕರೆದಿದ್ದರು. ನಾನು ಧ್ಯಾನ ನಂಬಿದವನಲ್ಲ. ಕೂತರೆ ಕಾಲು ಜೋಮು ಹಿಡಿಯುತ್ತದೆ, ಮನಸ್ಸು ಚಹದ ಕಡೆ ಓಡುತ್ತದೆ. ಆದರೆ ಎಂ.ಎ.ಯಲ್ಲಿ ಒಂದು ಪೇಪರಿಗಾಗಿ ಚೂರುಪಾರು ಪಾಲಿ ಓದಿದ್ದೆ. ಅದನ್ನು ತೋರಿಸಲು ಇಷ್ಟು ವರ್ಷ ಯಾರೂ ಸಿಕ್ಕಿರಲಿಲ್ಲ.

ಕಾಕಾನನ್ನು ಅಲ್ಲಿಗೆ ಕರೆದೊಯ್ದೆ. ಉಸಿರನ್ನು ಗಮನಿಸಿರಿ ಎಂಬ ಮೊದಲ ಪಾಠ ಕೇಳಿ ಹೊರಬಂದವರೇ ನನ್ನ ಮೇಲೆ ಏರಿ ಬಂದರು.

“ಉಸರಿನ್ಯಾಗ ಏನ್ ನೋಡೂದೈತಿ? ಬ್ಯಾಡಗ್ಯಾಗ ನಾವು ಉಸರ ನೋಡೂದ ಬ್ಯಾಡ, ಉಸರ ನಮ್ಮನ್ನ ನೋಡ್ಕೊಂತೈತಿ. ಸುಗ್ಗಿಯಾಗ ನಮ್ಮ ಅಂಗಡಿಗೆ ಬಾ ಅನ್ನು ನಿಮ್ಮ ಬುದ್ಧಗ. ಒಂದ ಸಲ ಮೂಗು ತುಂಬ ಎಳ್ಕೊಳ್ಲಿ, ಆಮ್ಯಾಲ ಮಾತಾಡೂಣು.”

ಆದರೂ ಬಂದರು. ಚಿಗವ್ವ ಇಲ್ಲದ ಮನೆಯಲ್ಲಿ ಭಾನುವಾರ ಕಳೆಯುವುದಕ್ಕಿಂತ ಬುದ್ಧನೇ ಮೇಲು ಅನ್ನಿಸಿರಬೇಕು.

ಮೂರನೇ ಭಾನುವಾರಕ್ಕೆ ಆ ಶಬ್ದ ಬಂತು. ಉಸಿರಿನ ಮೇಲೆ ಮನಸ್ಸು ನಿಂತ ಮೇಲೆ ಮೈಯಲ್ಲಿ ಏಳುವ ತುರಿಕೆ, ಬಿಸಿ, ತಂಪು, ಭಾರ ಇವನ್ನೆಲ್ಲ ಬೇಕು ಬೇಡ ಅನ್ನದೆ ನೋಡಬೇಕು. ಇವಕ್ಕೆಲ್ಲ ಒಂದೇ ಹೆಸರು ಬೇಕಿತ್ತು. ಎಲ್ಲರಿಗೂ ಹಂಚಲು ಒಂದು ಪುಟದ ಕಾಗದವನ್ನು ನಾನೇ ಬರೆಯುತ್ತಿದ್ದೆ.

“ಸಂವೇದನಾ ಅಂತ ಹಾಕ್ರಿ ಸರ್,” ಎಂದರು ಸ್ಟೇಷನ್ ಮಾಸ್ತರರು. “ಇಲ್ಲಾ ಸುಮ್ನ ‘ಮೈಯಾಗ ಏನ್ ಆಗ್ತೈತಿ ಅದು’ ಅಂತ ಬರೀರಿ.”

“ಮೂಲದಾಗ ವೇದನಾ ಅಂತನ ಐತ್ರಿ. ‘ಸಂ’ ಆಮ್ಯಾಲ ಸೇರಿಸಿದ್ದು.”

“ಮೂಲದಾಗ ಇದ್ದೀತ್ರಿ. ಆದ್ರ ಇಲ್ಲಿ ಕುಂತಾವ್ರು ಹಾವೇರಿಯವ್ರು.”

ನಾನು ಸೋಲಲಿಲ್ಲ. ಪಾಲಿಯಲ್ಲಿ ಆ ಶಬ್ದಕ್ಕೆ ಸುಖವೂ ಸೇರುತ್ತದೆ, ದುಃಖವೂ ಸೇರುತ್ತದೆ, ಎರಡೂ ಅಲ್ಲದ್ದೂ ಸೇರುತ್ತದೆ ಎಂದು ವಾದಿಸಿ ‘ಸಂ’ ಹೊಡೆದುಹಾಕಿಸಿದೆ. ಒಂದು ಉಪಸರ್ಗ ಕಿತ್ತ ಸಂತೋಷದಲ್ಲಿ ಬರೆದೆ: ವೇದನೆ ಬಂದರೆ ಅಲುಗಬೇಡಿ. ಅದನ್ನು ಓಡಿಸಬೇಡಿ, ಹಿಡಿದುಕೊಳ್ಳಬೇಡಿ. ಸುಮ್ಮನೆ ನೋಡಿ. ಬರುತ್ತದೆ, ಇರುತ್ತದೆ, ಹೋಗುತ್ತದೆ.

ಕನ್ನಡ ಬಲ್ಲ ಯಾರಿಗಾದರೂ ಈ ಸಾಲು ಓದಿ ಕೇಳಿಸಿ, ವೇದನೆ ಎಂದರೇನು ಎಂದು ಕೇಳಿ. ನೋವು ಎನ್ನುತ್ತಾರೆ. ಹೆರಿಗೆಯ ವೇದನೆ, ಮನೋವೇದನೆ, ಮರಣವೇದನೆ. ನಮ್ಮ ಭಾಷೆಯಲ್ಲಿ ಅದು ಸುಖದ ಜೊತೆ ಎಂದೂ ಕೂಡಿ ಬಾಳಿದ ಶಬ್ದವಲ್ಲ. ಅದನ್ನು ಅಂದು ನಾನು ಬಿಡಿಸಿ ಹೇಳಿದೆನೇ? ನನ್ನ ನೆನಪು ಹೌದು ಎನ್ನುತ್ತದೆ. ಕರಿಹಲಗೆಯ ಮೇಲೆ ಸುಖ, ದುಃಖ, ಎರಡೂ ಅಲ್ಲದ್ದು ಎಂದು ಒಂದರ ಕೆಳಗೊಂದು ಬರೆದದ್ದು ಕಣ್ಣಿಗೆ ಕಟ್ಟಿದಂತಿದೆ. ತೊಂದರೆ ಏನೆಂದರೆ, ನಾವು ಕೂಡುತ್ತಿದ್ದದ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಅಲ್ಲಿ ಕರಿಹಲಗೆಯೇ ಇರಲಿಲ್ಲ. ನೆನಪು ನನ್ನ ಕಾಲೇಜಿನಿಂದ ಒಂದು ಹಲಗೆ ಹೊತ್ತು ತಂದು ಅಲ್ಲಿ ನಿಲ್ಲಿಸಿದೆ, ನನ್ನ ಮರ್ಯಾದೆ ಉಳಿಸಲು.

ಕಾಕಾ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ನನಗೆ ಆಶ್ಚರ್ಯವಾದದ್ದು ಆಮೇಲೆ. ಅವರ ಸಿಟ್ಟು ನಿಜವಾಗಿ ಇಳಿಯತೊಡಗಿತು. ಸಿಟ್ಟು ಬಂದಾಗ ಮೊದಲು ಕಿವಿ ಬಿಸಿಯಾಗುತ್ತದೆ ಎಂದು ಅವರೇ ಕಂಡುಹಿಡಿದಿದ್ದರು. ಕಿವಿಯನ್ನೇ ನೋಡುತ್ತ ಕೂತರೆ ಬೈಗುಳ ಬಾಯಿಯ ತನಕ ಬಂದು ವಾಪಸು ಹೋಗುತ್ತದೆಯಂತೆ. ಹಮಾಲರು ಗಾಬರಿಯಾದರು. “ಸಾವ್ಕಾರ್ರು ಬೈದಿಲ್ಲಂದ್ರ ಚೀಲ ಭಾರ ಆಗ್ತಾವ್ರಿ,” ಎಂದು ಒಬ್ಬ ನನ್ನಲ್ಲಿ ದೂರು ಹೇಳಿದ. ಚಿಗವ್ವ ಗಳಗನಾಥದಿಂದ ವಾಪಸು ಬಂದ ದಿನ, ಕಾಕಾನ ಹೊಸ ಧೋತರದ ಮೇಲೆ ಚಹ ಚೆಲ್ಲಿತು. ಕಾಕಾ ಕಣ್ಣು ಮುಚ್ಚಿ ಒಂದು ನಿಮಿಷ ಕುಳಿತು, “ಇರ್ಲಿ ಬಿಡು” ಎಂದರು. ಚಿಗವ್ವ ಹತ್ತಿರ ಹೋಗಿ ಅವರ ಹಣೆ ಮುಟ್ಟಿ ಜ್ವರ ಇದೆಯೋ ನೋಡಿದರು.

ನನಗೆ ಎಲ್ಲಿಲ್ಲದ ಹೆಮ್ಮೆ. ನಾನು ನಂಬದ ಔಷಧ ನನ್ನ ಕೈಯಿಂದಲೇ ಕೆಲಸ ಮಾಡಿತ್ತು.

ಈಗ ಆ ದಿನ. ಗುರುವಾರ, ಸುಗ್ಗಿಯ ನಟ್ಟನಡುವೆ, ಪೇಟೆಗೆ ಮಾಲು ಬರುವ ದಿನ. ಅವ್ವನಿಗೆ ವರ್ಷದ ಖಾರದಪುಡಿಗೆ ಕಾಯಿ ಬೇಕಿತ್ತು. ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಪೇಟೆಯ ರಸ್ತೆಯ ಎರಡೂ ಬದಿ ಕೆಂಪು ರಾಶಿ, ನಡುವೆ ಲಾರಿ, ಟ್ರ್ಯಾಕ್ಟರು, ಚಕ್ಕಡಿ. ಕಾಲಿಡಲು ಜಾಗವಿಲ್ಲ. ಕರ್ಚೀಪು ಮೂಗಿಗೆ ಕಟ್ಟಿಕೊಂಡು ಅಂಗಡಿ ಸೇರಿದಾಗ ಎರಡು ಗಂಟೆಯಾಗಿರಬೇಕು.

ಕಾಕಾ ಗಾದಿಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಬೆನ್ನು ನೆಟ್ಟಗೆ. ಎಡಗೈ ಮುಷ್ಟಿ ಕಟ್ಟಿ ಎದೆಗೆ ಹತ್ತಿರ. ಕರೆಂಟು ಹೋಗಿ ಫ್ಯಾನು ನಿಂತಿತ್ತು, ಮುಖದ ತುಂಬ ಬೆವರು. ಆಗಾಗ ಬಲಗೈ ಎದ್ದು ಮುಖ ಒರೆಸಿ ಮತ್ತೆ ತೊಡೆಯ ಮೇಲೆ ಬರುತ್ತಿತ್ತು. ಮೂಲೆಯಲ್ಲಿ ನಾಲ್ಕು ಹೆಣ್ಣುಮಕ್ಕಳು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಹಿರಿಯಾಳು ಫಕ್ಕೀರವ್ವ. ಇಪ್ಪತ್ತು ವರ್ಷದಿಂದ ಅದೇ ಮೂಲೆಯಲ್ಲಿ ಕೂತು ಅದೇ ಕೆಲಸ ಮಾಡಿದವಳು. ಆಕೆಯ ಕೈ ತಾನಾಗಿ ನಡೆಯುತ್ತಿತ್ತು, ಕಣ್ಣು ಅಂಗಡಿಯ ತುಂಬ ಓಡಾಡುತ್ತಿತ್ತು.

ನಾನು ಕಾಕಾನ ಎದುರು ಚಾಪೆಯ ಮೇಲೆ ಕುಳಿತೆ. ಏನು ಯೋಚಿಸಿದೆ ಎಂಬುದು, ಹೇಳಲು ನಾಚಿಕೆಯಾದರೂ, ಚೆನ್ನಾಗಿ ನೆನಪಿದೆ. ಹೊರಗೆ ಇಷ್ಟು ಗದ್ದಲ, ಒಳಗೆ ಇಂಥ ಶಾಂತಿ, ಇದನ್ನು ಮುಂದಿನ ವಿಚಾರಸಂಕಿರಣದ ಪ್ರಬಂಧಕ್ಕೆ ಪೀಠಿಕೆ ಮಾಡಬೇಕು ಎಂದು ಯೋಚಿಸಿದೆ. ವಾಕ್ಯವನ್ನೂ ಹೊಂದಿಸುತ್ತಿದ್ದೆ. ಕಾಕಾನ ಮೊಬೈಲು ಬಡಿದುಕೊಂಡಾಗ ಎದ್ದು ಹೋಗಿ ಅದನ್ನು ಬಂದ್ ಮಾಡಿದೆ. ಏನೋ ಕೇಳಲು ಬಂದ ಹಮಾಲನಿಗೆ ಆಮೇಲೆ ಬಾ ಎಂದು ಸನ್ನೆ ಮಾಡಿದೆ. ಅಂಗಡಿಯ ಮೌನಕ್ಕೆ ನಾನೇ ಕಾವಲುಗಾರನಾಗಿದ್ದೆ.

ಆಗ ಫಕ್ಕೀರವ್ವನ ದನಿ ಬಂತು. “ಸರ್ರ, ಸಾವ್ಕಾರ್ರ ಕೈ ನೋಡ್ರಿ. ಕಾಯಿ ಮುಟ್ಟಿದ ಕೈಲೆ ಕಣ್ಣು ಒರಸ್ಕೊಳ್ಳಾಕತ್ತಾರ.”

ನೋಡಿದೆ. ಬಲಗೈ ಮತ್ತೆ ಎದ್ದಿತು. ಕೆಂಪು ಪುಡಿ ಮೆತ್ತಿದ ಬೆರಳುಗಳು ನೇರವಾಗಿ ಎರಡೂ ಕಣ್ಣಿನ ಮೇಲೆ ಹೋದವು, ಬೆವರು ಒರೆಸಿದವು, ಕೆಳಗಿಳಿದವು. ಕಾಕಾ ಕಮಕ್ ಕಿಮಕ್ ಅನ್ನಲಿಲ್ಲ. ರೆಪ್ಪೆಯ ಅಂಚಿನಲ್ಲಿ ನೀರು ಇಳಿಯುತ್ತಿತ್ತು. ನಿದ್ದೆಯಲ್ಲೂ ಭುಜದಿಂದ ಕಣ್ಣು ಒರೆಸಿಕೊಳ್ಳುವ ಮನುಷ್ಯ, ಬೇರೆ ಯಾವುದೋ ದೊಡ್ಡ ಉರಿಯ ಮುಂದೆ ಈ ಉರಿಯನ್ನು ಮರೆತಿದ್ದರು. ನಾನು ಚಾಪೆಯಿಂದ ಮೊಣಕಾಲಲ್ಲೇ ಅವರ ಹತ್ತಿರ ಹೋದೆ.

“ಕಾಕಾ!”

“ಹ್ಞೂಂ.”

“ಏನಾಗ್ತೈತ್ರಿ?”

“ಏನಿಲ್ಲ. ವೇದನಾ.”

“ಎಲ್ಲಿ?”

ಮುಷ್ಟಿ ಎದೆಯಿಂದ ಎಡಭುಜದ ತನಕ ನಿಧಾನವಾಗಿ ಜಾರಿತು. ಅವರು ಕಣ್ಣು ತೆರೆಯಲು ನೋಡಿದರು, ಖಾರಕ್ಕೆ ಆಗಲಿಲ್ಲ.

“ಮುಂಜಾನಿಂದ ನೋಡಾಕತ್ತೇನಿ. ಬರ್ತೈತಿ, ಇರ್ತೈತಿ, ಹೋಗ್ತೈತಿ ಅಂತ ನೀನ ಬರದೀದಿ. ಬಂದೈತಿ. ಐತಿ. ಹೋಗವಲ್ದು, ತಮ್ಮಾ.”

ಫಕ್ಕೀರವ್ವ ಮಡಿಲ ಕಾಯಿ ಚೆಲ್ಲಿ ಎದ್ದು ಬಂದಿದ್ದಳು. “ತಾನ ಎದ್ದು ಹೋಗಾಕ ಅದೇನು ಬೀಗರೇನ್ರಿ? ಎತ್ರಿ ಮದ್ಲ ಸಾವ್ಕಾರ್ರನ್ನ!”

ಹಮಾಲರು ನಾಲ್ವರು ಗಾದಿಯ ನಾಲ್ಕು ಮೂಲೆ ಹಿಡಿದು, ಕಾಕಾನ ಸಮೇತ ಎತ್ತಿದರು. ಮೆಟ್ಟಿಲು ಇಳಿಯುವಾಗ ಗಾದಿ ವಾಲಿತು. ಕಣ್ಣು ಮುಚ್ಚಿಕೊಂಡೇ ಕಾಕಾ, “ಹಗೂರಕ, ಮಾಲು ಚೆಲ್ಲೀರಿ” ಎಂದರು. ಹಮಾಲರಲ್ಲಿ ಒಬ್ಬ ಅತ್ತುಬಿಟ್ಟ. ಅವನೂ ಭುಜದಿಂದ ಕಣ್ಣು ಒರೆಸಿಕೊಂಡ.

ಕಾಕಾನನ್ನು ಹತ್ತಿಸಿಕೊಂಡ ಬಾಡಿಗೆ ಜೀಪು ಪೇಟೆಯಿಂದ ಹೊರಬೀಳುವುದೇ ಒಂದು ಯುದ್ಧ. ಫಕ್ಕೀರವ್ವ ಮುಂದೆ ಮುಂದೆ ಓಡುತ್ತ, ಚಕ್ಕಡಿಯವರನ್ನು, ಲಾರಿಯವರನ್ನು, ಅವರ ಅವ್ವ ಅಪ್ಪಂದಿರನ್ನು ಕಾಕಾನದೇ ಹಳೆಯ ಬೈಗುಳಗಳಿಂದ ಬೈಯುತ್ತ ದಾರಿ ಬಿಡಿಸಿದಳು. ಮನೆಯ ಮುಂದೆ ಚಿಗವ್ವ ಹತ್ತಿಕೊಂಡರು. ಊರಿನ ಡಾಕ್ಟರು ನಾಲಿಗೆಯ ಕೆಳಗೊಂದು ಗುಳಿಗೆ ಇಟ್ಟು, ಕಣ್ಣಿಗೆ ನೀರು ಹೊಡೆದು, “ಇಲ್ಲಿ ನಿಲ್ಲಬ್ಯಾಡ್ರಿ, ದೊಡ್ಡ ದವಾಖಾನಿಗೆ ಲಗೂ ಹೊಂಡ್ರಿ” ಎಂದರು.

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷಗಳು ಅವು. ಮೋಟೆಬೆನ್ನೂರಿನಲ್ಲಿ ರಸ್ತೆ ಅಗೆದು, ಕಲ್ಲು ಸುರಿದು, ಎಲ್ಲಿ ನೋಡಿದರೂ ಧೂಳು. ಅಲ್ಲಿ ಜೀಪು ನಿಂತಿತು. ನಾನು ರಾಣೆಬೆನ್ನೂರಿಗೆ ಎಂದೆ, ಅಲ್ಲಿ ನನಗೆ ಗುರುತಿನ ಡಾಕ್ಟರಿದ್ದರು. ಚಿಗವ್ವ ಹಾವೇರಿಗೆ ಎಂದರು.

“ಹಾವೇರಿ ಹತ್ರ ಆಗ್ತೈತಿ.”

“ಅಲ್ಲಿ ಯಾವ ಡಾಕ್ಟರ ಗುರ್ತು ಐತ್ರಿ ನಮಗ?”

“ಗುರ್ತು ಹಿಡದು ಏನ್ ಮಾಡ್ತಿ? ಮದಿವಿ ಮಾಡಾಕ ಹೊಂಟೀವೇನು?”

ನಮ್ಮಿಬ್ಬರ ನಡುವೆ ಒರಗಿದ್ದ ಕಾಕಾ ಬಾಯಿಬಿಟ್ಟರು. ದನಿ ಒಣಗಿದ ಎಲೆಯಂತಿತ್ತು.

“ಇಬ್ರೂ ಜಗಳಾ ಬಿಡ್ರಿ. ತಮ್ಮಾ, ನಿನ್ನ ಉಸರ ಭಾಳ ಜೋರ ನಡದೈತಿ. ಮೂಗಿನ ತುದಿ ಮ್ಯಾಲ ಲಕ್ಷ್ಯ ಇಡು.”

ಇಟ್ಟೆ. ಬೇರೇನೂ ಮಾಡಲು ತೋಚದೆ ಇಟ್ಟೆ. ಧೂಳು, ಡೀಸೆಲ್ಲು, ಕಾಕಾನ ಅಂಗಿಯ ಮೆಣಸಿನ ಘಾಟು, ಅದರ ನಡುವೆ ತಣ್ಣಗೆ ಒಳಗೆ ಹೋಗಿ ಬಿಸಿಯಾಗಿ ಹೊರಬರುವ ಉಸಿರು. ಅಷ್ಟು ಭಾನುವಾರ ಬೇರೆಯವರಿಗೆ ಹೇಳಿಕೊಟ್ಟ ಪಾಠವನ್ನು ನಾನು ಮಾಡಿ ನೋಡಿದ್ದು ಅದೇ ಮೊದಲು. ಡ್ರೈವರು ಯಾರನ್ನೂ ಕೇಳದೆ ಹಾವೇರಿಯ ಕಡೆ ಹೊರಳಿಸಿದ.

ದವಾಖಾನೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎದೆಗೆ ವೈರುಗಳನ್ನು ಅಂಟಿಸುತ್ತಲೇ ಕೇಳಿದರು: “ನೋವು ಶುರುವಾಗಿ ಎಷ್ಟು ಹೊತ್ತಾತ್ರಿ?”

“ನೋವಲ್ರಿ,” ಎಂದರು ಕಾಕಾ, ಅಷ್ಟು ಸಂಕಟದಲ್ಲೂ ತಿದ್ದುತ್ತ. “ವೇದನಾ.”

“ಎರಡೂ ಒಂದ ಅಲ್ಲೇನ್ರಿ ಅಜ್ಜಾರ?”

ಎರಡರ ವ್ಯತ್ಯಾಸ ಬಲ್ಲವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಡಾಕ್ಟರು ನನ್ನ ಕಡೆ ತಿರುಗಿ, “ನೀವು ಜೋಡಿ ಇದ್ರೇನ್ರಿ? ಎಷ್ಟು ಹೊತ್ತು?” ಎಂದಾಗ, “ನಾ ಬಂದ ಮ್ಯಾಲ ಒಂದು ಹತ್ತು ನಿಮಿಷ” ಎಂದೆ.

ಕಾಕಾ ಉಳಿದರು. ಹಾವೇರಿಯಿಂದ ಹುಬ್ಬಳ್ಳಿ, ಹುಬ್ಬಳ್ಳಿಯಲ್ಲಿ ಒಂದು ತಿಂಗಳು. ಹೊರಡುವ ದಿನ ಅಲ್ಲಿಯ ದೊಡ್ಡ ಡಾಕ್ಟರು ಎರಡೇ ಮಾತು ಹೇಳಿದರು. “ಯಜಮಾನ್ರು ಗಾಬರಿ ಆಗ್ಲಿಲ್ಲಲ್ಲ, ಅದು ಛಲೋ ಆತು. ಬಾಯಿ ಬಿಡ್ಲಿಲ್ಲಲ್ಲ, ಅದು ಕೆಟ್ಟಾತು.” ಹೃದಯದ ಒಂದು ಭಾಗ ಕೆಲಸ ನಿಲ್ಲಿಸಿತ್ತು. ಬೇಗ ಬಂದಿದ್ದರೆ ಅದೂ ಉಳಿಯುತ್ತಿತ್ತೇನೋ. ಎಷ್ಟು ಬೇಗ ಎಂದು ನಾನು ಕೇಳಲಿಲ್ಲ. ಇನ್ನು ಮೇಲೆ ಆ ಧೂಳು, ಆ ಘಾಟು ಕೂಡದು ಎಂದರು. ಹುಟ್ಟಿದಾಗಿನಿಂದ ಘಾಟಿನಲ್ಲೇ ಉಸಿರಾಡಿದ ಮನುಷ್ಯ ಬ್ಯಾಡಗಿ ಬಿಡಬೇಕಾಯಿತು. ಅಂಗಡಿ ಬೇರೆಯವರ ಕೈಗೆ ಹೋಯಿತು. ಕಾಕಾ, ಚಿಗವ್ವ ರಾಣೆಬೆನ್ನೂರಿನಲ್ಲಿ ನಮ್ಮ ಓಣಿಗೇ ಬಂದು ಮನೆ ಮಾಡಿದರು. ಅವರ ಸಿಟ್ಟು ಮತ್ತೆ ಬರಲಿಲ್ಲ. ಅದು ಬುದ್ಧನಿಂದಲೋ ಕೂಗಲು ತ್ರಾಣವಿಲ್ಲದ್ದರಿಂದಲೋ ಎಂದು ನನ್ನಂಥ ಸಂಶಯದ ಪ್ರಾಣಿ ಹೇಗೆ ಹೇಳಲಿ?

ಒಂದು ದಿನ ಧೈರ್ಯ ಮಾಡಿ ಶಬ್ದದ ವಿಷಯ ತೆಗೆದೆ. ಪಾಲಿ, ಕನ್ನಡ, ಸುಖ, ದುಃಖ, ಎರಡೂ ಅಲ್ಲದ್ದು, ನಾನು ಕಿತ್ತುಹಾಕಿದ ‘ಸಂ’, ಎಲ್ಲ ಹೇಳಿದೆ. ಕಾಕಾ ಕೇಳಿಸಿಕೊಂಡು ನಕ್ಕರು.

“ಇದನ್ನ ಈಗ ಹೇಳ್ತೀಯಲ್ಲೋ! ಇರ್ಲಿ ಬಿಡು. ಸುಳ್ಳಂತೂ ಬರದಿಲ್ಲ ನೀ. ಕಡೀಕ ಹೋತಲ್ಲ ಅದು? ಹೋಗೂಮುಂದ ಪ್ಯಾಟಿನೂ ಜೋಡಿ ತಗೊಂಡು ಹೋತು, ಅಷ್ಟ.”

ಸ್ಟೇಷನ್ ಮಾಸ್ತರರು ನೋಡಲು ಬಂದಿದ್ದರು. ಈಗ ಅವರು ಪ್ರತಿ ಭಾನುವಾರ ಎಲ್ಲಕ್ಕಿಂತ ಮೊದಲು, ಎದೆ ನೋವು ಬಂದರೆ ಧ್ಯಾನವಲ್ಲ ದವಾಖಾನೆ ಎಂದು ಎರಡು ಸಲ ಹೇಳುತ್ತಾರಂತೆ, ಗಾಡಿ ಬರುವ ಸೂಚನೆ ಕೊಟ್ಟಂತೆ. ನನ್ನ ಕಾಗದವನ್ನು ಅವರು ಮತ್ತೆ ಹಂಚಲಿಲ್ಲ. ಕಾಕಾನ ಕಿಸೆಯಲ್ಲಿದ್ದ ಪ್ರತಿ, ಅಂದಿನ ಅಂಗಿಯ ಜೊತೆ ಒಗೆಯಲು ಹೋಗಿ ಮುದ್ದೆಯಾಯಿತು. ನಾನು ಬರೆದದ್ದು ನಿಜವಾಗಿ ಏನು ಎಂದು ನೋಡುವ ದಾರಿಯೂ ಮುಚ್ಚಿತು.

ಬುದ್ಧನಲ್ಲಿ ನನಗೆ ಮೊದಲಿನಿಂದ ಹಿಡಿಸಿದ್ದು ಒಂದೇ. ನಾನು ಹೇಳಿದೆನೆಂದು ನಂಬಬೇಡ, ಬಂದು ನೋಡು ಎನ್ನುವ ಧಾಟಿ. ಅನುಮಾನದವರಿಗೆ ಹೇಳಿ ಮಾಡಿಸಿದ ಗುರು ಎಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ಮಧ್ಯಾಹ್ನ ನನಗೆ ನಾಲ್ಕು ಹೆಜ್ಜೆ ಹೋಗಿ ನೋಡಲಾಗಲಿಲ್ಲ. ಬುದ್ಧನ ಹೆಸರೇ ಕೇಳದ ಫಕ್ಕೀರವ್ವ ಕೂತಲ್ಲಿಂದಲೇ ನೋಡಿದಳು. ಈ ಯೋಚನೆ ಹೊಕ್ಕ ಮೇಲೆ ನನಗೆ ನನ್ನ ಕಥೆಯ ಇನ್ನೊಂದು ಭಾಗದ ಮೇಲೂ ಅನುಮಾನ ಶುರುವಾಯಿತು. ಆಕೆ ಕರೆದಳು, ನಾನು ಎದ್ದೆ. ಇಷ್ಟು ಚೊಕ್ಕಟವಾಗಿ ನಡೆದಿತ್ತೇ?

ಐದಾರು ವರ್ಷ ಕಳೆದಿತ್ತು. ಫಕ್ಕೀರವ್ವ ಕೆಲಸ ಬಿಟ್ಟು ಮೇಡ್ಲೇರಿಯಲ್ಲಿ ಮಗಳ ಮನೆ ಸೇರಿದ್ದಳು. ಒಂದು ಭಾನುವಾರ ಮುಂಜಾನೆ ಹೋದೆ. ಬಾಗಿಲಲ್ಲಿ ಕೂತು ಬಿಸಿಲು ಕಾಯುತ್ತಿದ್ದ ಆಕೆ ದನಿಯಿಂದಲೇ ಗುರುತು ಹಿಡಿದಳು. ಕಾಕಾನ ಆರೋಗ್ಯ, ಚಿಗವ್ವನ ಮಂಡಿನೋವು ಎಲ್ಲ ಕೇಳಿದಳು. ಚಹ ಕುಡಿದಾದ ಮೇಲೆ, ಕೋರ್ಟಿನಲ್ಲಿ ಕೇಳಬಾರದ ರೀತಿಯಲ್ಲಿ, ಉತ್ತರವನ್ನು ಬಾಯಿಗಿಟ್ಟು ಕೇಳಿದೆ:

“ಫಕ್ಕೀರವ್ವ, ಆವತ್ತು ನೀ ಒಂದ ಸಲ ಕರದಿ, ನಾ ತಟ್ಟನ ಎದ್ನಿ. ಹೌದಲ್ಲ?”

“ಒಂದ ಸಲ? ಯಾರಂದ್ರ್ರಿ ನಿಮಗ?” ಆಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಮೂರು ಸಲ ಕರದ್ನಿ. ಮದ್ಲ, ಸಾವ್ಕಾರ್ರ ಮಾರಿ ಬ್ಯಾರೆ ಕಾಣಾಕತ್ತೈತಿ ಅಂದ್ನಿ. ನೀವು ಬಾಯಿ ಮ್ಯಾಲ ಬಟ್ಟು ಇಟ್ಕೊಂಡ್ರಿ. ಹಮಾಲ್ರು ಚೀಲ ತೂಗಿ ಬಂದ್ರು, ಕರೆಂಟ್ ಬಂದು ಮತ್ತ ಹೋತು, ಆಮ್ಯಾಲ ಇನ್ನೊಂದ ಸಲ ಅಂದ್ನಿ. ‘ಸುಮ್ಮಿರ್ರಿ’ ಅಂತ ನಮ್ಮೆಲ್ಲಾರಿಗೂ ಜೋರಲೆ ಅಂದ್ರಿ. ಮೂರನೇದ್ದಕ್ಕ ಕಣ್ಣಿಂದು ಹೇಳಿದ್ನಿ. ಆವಾಗ ಎದ್ರಿ.”

“ಎರಡನೇ ಸಲಕ್ಕ ನೀನ ಎದ್ದು ಬರಬೇಕಿತ್ತು.”

“ಓದಿದಾವ್ರು ಹೇಳಾಕತ್ತಾರ, ಇದ್ದೀತು ಅನ್ಕೊಂಡ್ನಿ,” ಎಂದಳು.

ಒಬ್ಬರ ಸಾಕ್ಷಿ ಸಾಲದು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿದೆ. ವಯಸ್ಸಾದವಳು, ಬೆರೆಸಿ ಹೇಳಿರಬಹುದು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಸಂಜೆ ಕಾಕಾನ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಈ ಸಲ ಉತ್ತರದ ಸುಳಿವು ಕೊಡಲಿಲ್ಲ. ಮೇಡ್ಲೇರಿಗೆ ಹೋಗಿದ್ದನ್ನೂ ಹೇಳಲಿಲ್ಲ.

“ಕಾಕಾ, ಆವತ್ತು ಅಂಗಡ್ಯಾಗ ಫಕ್ಕೀರವ್ವ ನನ್ನ ಎಷ್ಟು ಸಲ ಕರದ್ಲು, ನಿಮಗೇನರ ನೆನಪೈತೇನ್ರಿ?”

“ಮೂರು,” ಎಂದರು. ಯೋಚಿಸಲಿಲ್ಲ. ಕಣ್ಣು ಮುಚ್ಚಿದ್ದರೂ ಕಿವಿ ತೆರೆದಿತ್ತು ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಒಂದು ಕಾಯಿ ಸುಲಿದು ಬೀಜ ಬುಟ್ಟಿಗೆ ಹಾಕಿ, ಮುಂದುವರಿಸಿದರು. “ಎರಡನೇ ಸಲಕ್ಕ ನಾನ ಹೇಳಬೇಕಂತ ಬಾಯಿ ತಗದಿದ್ನಿ. ತಡ್ಕೊಳ್ಳಾಕ ಆಗಿದ್ದಿಲ್ಲ. ಅಷ್ಟರಾಗ ನೀ ‘ಸುಮ್ಮಿರ್ರಿ’ ಅಂದಿ. ನನಗ ಅಂದಿ ಅಂತ ತಿಳಕೊಂಡ್ನಿ.”

ಎಷ್ಟು ನಿಮಿಷ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಫಕ್ಕೀರವ್ವ ನನ್ನನ್ನು ಮೂರು ಸಲ ಕರೆದಿದ್ದಳು. ಎರಡು ಊರಿನಲ್ಲಿ, ಇಬ್ಬರನ್ನು, ಬೇರೆ ಬೇರೆಯಾಗಿ ಕೇಳಿ ಖಚಿತಪಡಿಸಿಕೊಂಡಿದ್ದೇನೆ.